.50 ಮಝಲ್‌ಲೋಡರ್‌ಗೆ ಸರಿಯಾಗಿ ಕೂರುವ ಸಾಬೊ, ಗುಂಡು ಆರಿಸುವುದು ಹೇಗೆ?

ಓಝಾರ್ಕ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಿಸ್ಸೂರಿಯ ಜಿಂಕೆ ಬೇಟೆಯ ಸೀಸನ್ನಿಗೆ .50 ಇನ್‌ಲೈನ್ ಕೋವಿ (ಬಾಯಿಯಿಂದ ಮದ್ದು, ಗುಂಡು ತುಂಬುವ ಮಝಲ್‌ಲೋಡರ್, ಪ್ರೈಮರ್ ನಳಿಗೆಯ ನೇರ ಹಿಂದೆ ಕೂರುವಂಥದ್ದು) ಸಜ್ಜು ಮಾಡುತ್ತಿದ್ದೇನೆ. ನಳಿಗೆಯ ತಿರುವು 1:28 (28 ಇಂಚಿಗೆ ಒಂದು ಸುತ್ತು), ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಕೇಪು) 209, ಮದ್ದು ಟ್ರಿಪಲ್ ಸೆವೆನ್‌ನ 50 ಗ್ರೇನ್ ಪೆಲೆಟ್ ಎರಡು. ಗುಂಡು 250 ಗ್ರೇನ್ (ಸುಮಾರು 16 ಗ್ರಾಂ) ತೂಕದ, .452 ಇಂಚು ಅಗಲದ ಹಾರ್ನಡಿ ಎಕ್ಸ್‌ಟಿಪಿ, ಸಾಬೊ (ಗುಂಡನ್ನು ಹಿಡಿದಿಡುವ, ದಳಗಳಿರುವ ಪ್ಲಾಸ್ಟಿಕ್ ಬಟ್ಟಲು) ಗುಂಡಿನ ಪೊಟ್ಟಣದಲ್ಲೇ ಬಂದದ್ದು.

ಮೊದಲ ಈಡು ಕಷ್ಟಪಟ್ಟಾದರೂ ಇಳಿಯುತ್ತದೆ. ಮೂರನೆಯದಕ್ಕೆ ಸಲಾಕೆ ಬಾಗುವಷ್ಟು ಒತ್ತಬೇಕು. 100 ಗಜದಲ್ಲಿ ಐದು ಗುಂಡು 6 ಇಂಚು ಹರಡುತ್ತವೆ. ಒಂದಿಬ್ಬರು "ಸಾಬೊ ಬದಲಾಯಿಸಿ" ಅಂದರು, ಇನ್ನೊಬ್ಬರು "ಗುಂಡು ಬದಲಾಯಿಸಿ" ಅಂದರು. ಯಾವುದನ್ನು ಮೊದಲು ಬದಲಾಯಿಸಬೇಕು? ಪೊಟ್ಟಣದ ಮೇಲೆ .50 ಎಂದು ಬರೆದಿರುವಾಗ ನನ್ನ .50 ನಳಿಗೆಗೆ ಇಷ್ಟು ಬಿಗಿ ಆಗುವುದು ಏಕೆ?

ಬೈನೆಮರ

ಇನ್ನೂ ಏನನ್ನೂ ಕೊಳ್ಳಬೇಡಿ ಸರ್. ಮೊದಲು ನಳಿಗೆ ಅಳೆಯಿರಿ.

.50 ಅನ್ನುವುದು ಹೆಸರು, ಅಳತೆಯಲ್ಲ. ರೈಫ್ಲಿಂಗ್‌ನಲ್ಲಿ (ನಳಿಗೆಯೊಳಗಿನ ಸುರುಳಿ ಗೆರೆಗಳು) ಉಬ್ಬಿದ ದಿಣ್ಣೆಗೆ ಲ್ಯಾಂಡ್ ಅಂತಲೂ ತಗ್ಗಿಗೆ ಗ್ರೂವ್ ಅಂತಲೂ ಹೇಳುತ್ತಾರೆ. ಒಂದು ಲ್ಯಾಂಡ್‌ನಿಂದ ಎದುರಿನ ಲ್ಯಾಂಡ್‌ವರೆಗಿನ ಅಗಲವೇ ಬೋರ್. ಅದು ಲೆಕ್ಕಕ್ಕೆ 0.500 ಇಂಚು, ಅಂದರೆ 12.70 ಮಿ.ಮೀ. ಆದರೆ ಕೈಗೆ ಬರುವ ನಳಿಗೆಗಳು 0.499ರಿಂದ 0.503ರವರೆಗೆ ಇರುತ್ತವೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೋವಿಗಳಲ್ಲೂ ವ್ಯತ್ಯಾಸ ಇರಬಹುದು. ಪೀಣ್ಯದ ಲೇತ್ ಶೆಡ್‌ಗಳಲ್ಲಿ "ಒಂದು ಥೌ" ಅನ್ನುತ್ತಾರಲ್ಲ, ಇಂಚಿನ ಸಾವಿರದಲ್ಲಿ ಒಂದು ಭಾಗ, ಸುಮಾರು 25 ಮೈಕ್ರಾನ್, ಸಾಬೊದ ಬಿಗಿ-ಸಡಿಲ ನಿರ್ಧಾರವಾಗುವುದು ಅದರಲ್ಲಿ. ಎರಡು ಥೌ ಹೆಚ್ಚುಕಡಿಮೆ ಆದರೆ ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸಾಬೊ ಮಾಡುವ ಕೆಲಸ ಮೂರು. ಮದ್ದಿನ ಅನಿಲ ಮುಂದಕ್ಕೆ ಸೋರದಂತೆ ತಡೆಯಬೇಕು. ರೈಫ್ಲಿಂಗ್ ಹಿಡಿದು ಗುಂಡನ್ನು ತಿರುಗಿಸಬೇಕು. ನಳಿಗೆಯ ಬಾಯಿ ದಾಟಿದ ಕೂಡಲೇ ದಳ ಬಿಚ್ಚಿ ಗುಂಡನ್ನು ಬಿಟ್ಟುಕೊಡಬೇಕು. ಸಡಿಲ ಸಾಬೊ ಮೊದಲೆರಡರಲ್ಲಿ ಸೋಲುತ್ತದೆ. ಅತಿ ಬಿಗಿ ಸಾಬೊ ತುಂಬುವಾಗಲೇ ಗಾಯಗೊಂಡು ಮೂರನೆಯದರಲ್ಲಿ ಸೋಲುತ್ತದೆ.

ಲೆಕ್ಕ ಹೀಗೆ: ಬೋರ್ 0.500, ಗುಂಡು 0.452. ಉಳಿಯುವುದು 0.048, ಅಂದರೆ ಒಂದೊಂದು ಬದಿಗೆ 0.024 ಇಂಚು, 0.6 ಮಿ.ಮೀ. ಪ್ಲಾಸ್ಟಿಕ್. ಗ್ರೂವ್‌ನೊಳಗೂ ಅದು ತುಂಬಬೇಕಾದ್ದರಿಂದ ಸಾಬೊದ ಗೋಡೆ ಇದಕ್ಕಿಂತ ತುಸು ದಪ್ಪವಾಗಿಯೇ ಇರುತ್ತದೆ. ಗುಂಡು ಕೂರಿಸಿದ ಸಾಬೊ ಬೋರ್‌ಗಿಂತ ಕೆಲವು ಥೌ ದೊಡ್ಡದು, ಒಳಗೆ ಹೋಗುವಾಗ ಪ್ಲಾಸ್ಟಿಕ್ ಹಿಂಡಿಕೊಂಡು ಜಾಗ ಮಾಡಿಕೊಳ್ಳುತ್ತದೆ. ಹಾಗಾಗಿ ಬೋರ್, ಸಾಬೊದ ಗೋಡೆ, ಗುಂಡಿನ ಅಗಲ, ಈ ಮೂರನ್ನೂ ಒಟ್ಟಿಗೆ ನೋಡಬೇಕು. "ಸಾಬೊ ಬದಲಿಸಲೋ ಗುಂಡು ಬದಲಿಸಲೋ" ಅನ್ನುವ ನಿಮ್ಮ ಪ್ರಶ್ನೆಗೆ ಅಳತೆ ಇಲ್ಲದೆ ಉತ್ತರ ಇಲ್ಲ.

ಸಣ್ಣಅಳತೆ

ಅಳೆಯುವ ಕ್ರಮ ಬರೆಯುತ್ತೇನೆ. ಕೋವಿಯಲ್ಲಿ ಈಡು ಇಲ್ಲ ಅನ್ನುವುದನ್ನು ಸಲಾಕೆ ಇಳಿಸಿ ಖಚಿತ ಮಾಡಿಕೊಂಡ ಮೇಲೆ ಬ್ರೀಚ್ ಪ್ಲಗ್ (ನಳಿಗೆಯ ಹಿಂಬದಿಯ ಮುಚ್ಚಳ) ಬಿಚ್ಚಿ. ನಳಿಗೆ ಚೆನ್ನಾಗಿ ತೊಳೆದು, ಒಣಗಿಸಿ, ಎಣ್ಣೆಯ ಪಸೆ ಇರುವ ಬಟ್ಟೆಯಿಂದ ಒಮ್ಮೆ ಒರೆಸಿ.

ಶುದ್ಧ ಮೃದು ಸೀಸದ ತುಂಡು ಬೇಕು, ಉಗುರಿನಿಂದ ಗೀರಿದರೆ ಗುರುತು ಬೀಳುವಂಥದ್ದು. ಹಳೆ ಚಕ್ರದ ತೂಕದ ಗಟ್ಟಿ ಸೀಸ ಬೇಡ. .50 ಕೋವಿಯ ದುಂಡು ಗುಂಡು ಸಾಮಾನ್ಯವಾಗಿ 0.490 ಅಥವಾ 0.495 ಇರುತ್ತದೆ. ಅದನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಇಟ್ಟು ಮೆಲ್ಲಗೆ ತಟ್ಟಿ ಅಡ್ಡಗಲ 0.515 ಆಗುವಷ್ಟು ಚಪ್ಪಟೆ ಮಾಡಿದರೆ ಸಾಕು. ಗ್ರೂವ್ ತುಂಬಲು ಆ ಹೆಚ್ಚುವರಿ ಸೀಸ ಬೇಕೇ ಬೇಕು.

ನಳಿಗೆಯ ಬಾಯಿಗೆ ಇಟ್ಟು ಮರದ ಕೊಡತಿಯಿಂದ ತಟ್ಟಿ ಒಳಗೆ ಕೂರಿಸಿ, ಹಿತ್ತಾಳೆ ಸಲಾಕೆಯಿಂದ ನಿಧಾನವಾಗಿ ತಳ್ಳುತ್ತಾ ಹೋಗಿ. ಇಲ್ಲಿ ಕೈಯ ಮೇಲೆ ಗಮನ ಇರಲಿ. ಎಲ್ಲಿ ಬಿಗಿ, ಎಲ್ಲಿ ಜಾರುತ್ತದೆ ಅಂತ ಗುರುತು ಮಾಡಿಕೊಳ್ಳಿ. ಬಾಯಿಂದ ಹಿಂದಿನವರೆಗೆ ಒಂದೇ ಸಮ ಹೋಗಬೇಕು. ಮಧ್ಯದಲ್ಲಿ ಸಡಿಲ ಜಾಗ ಇದ್ದರೆ ಯಾವ ಸಾಬೊ ಹಾಕಿದರೂ ಗುರಿ ಕೂಡಿಬರುವುದಿಲ್ಲ.

ಹಿಂದಿನಿಂದ ಹೊರಬಂದ ಸೀಸದ ಮೇಲೆ ತಗ್ಗು ಬಿದ್ದ ಕಡೆ ಲ್ಯಾಂಡ್ ಒತ್ತಿದೆ, ಉಬ್ಬಿದ ಕಡೆ ಗ್ರೂವ್ ತುಂಬಿದೆ. ಎದುರುಬದುರು ತಗ್ಗುಗಳ ನಡುವಿನ ಅಳತೆ ಬೋರ್, ಎದುರುಬದುರು ಉಬ್ಬುಗಳ ನಡುವಿನದು ಗ್ರೂವ್ ಅಗಲ. ಗ್ರೂವ್‌ಗಳ ಸಂಖ್ಯೆ ಬೆಸವಾಗಿದ್ದರೆ ಉಬ್ಬಿನ ಎದುರಿಗೆ ತಗ್ಗು ಬರುತ್ತದೆ. ಆಗ ಸಾದಾ ಮೈಕ್ರೋಮೀಟರ್ ಸುಳ್ಳು ಹೇಳುತ್ತದೆ, ವಿ ಆಕಾರದ ಅನ್ವಿಲ್ ಇರುವುದು ಬೇಕು. ಮೂರು ತುಂಡು ತಳ್ಳಿ, ಮೂರನ್ನೂ ಅಳೆಯಿರಿ.

ಪಿನ್ ಗೇಜ್ (ನಿಖರ ಅಳತೆಯ ಉಕ್ಕಿನ ಸರಳು) ಸಿಕ್ಕಿದರೆ ಇನ್ನೂ ಸುಲಭ. 0.499, 0.500, 0.501, 0.502ರ ಪಿನ್‌ಗಳನ್ನು ಒಂದೊಂದಾಗಿ ನಳಿಗೆಯ ಬಾಯಿಗೆ ಇಟ್ಟು ನೋಡಿ. ಒಳಗೆ ಇಳಿಯುವ ಅತಿ ದಪ್ಪ ಪಿನ್ನೇ ನಿಮ್ಮ ಬೋರ್. ಬಲವಂತ ಮಾಡಬೇಡಿ, ಪಿನ್ ಗಟ್ಟಿ ಉಕ್ಕು, ಬಾಯಿಯ ಅಂಚಿಗೆ ಏಟಾದರೆ ಕೋವಿಯ ಗುರಿ ಹೋಯಿತು.

ಓಝಾರ್ಕ್_ಕನ್ನಡಿಗ

ಧನ್ಯವಾದ. ನನ್ನಲ್ಲಿ ಡಿಜಿಟಲ್ ಕ್ಯಾಲಿಪರ್ ಮಾತ್ರ ಇದೆ. ಸಾಲುವುದಿಲ್ಲವೇ?

ಸಣ್ಣಅಳತೆ

ಸಾಲುವುದಿಲ್ಲ. ಕ್ಯಾಲಿಪರ್ ತಪ್ಪುವುದೇ ಒಂದು ಥೌ ಆಚೆ ಈಚೆ, ನೀವು ಹುಡುಕುತ್ತಿರುವುದೂ ಒಂದು ಥೌ. ಥೌವಿನ ಹತ್ತನೇ ಒಂದು ಭಾಗ ತೋರಿಸುವ ಮೈಕ್ರೋಮೀಟರ್ ಎರವಲು ತನ್ನಿ. ಗುಂಡುಗಳನ್ನೂ ಅದರಲ್ಲೇ ಅಳೆಯಿರಿ.

ತುಂಗಾತೀರ

ಮೈಕ್ರೋಮೀಟರ್ ಸಿಗುವವರೆಗೆ ಮನೆಯ ತೂಕದ ಯಂತ್ರದಲ್ಲೂ ಒಂದು ಪರೀಕ್ಷೆ ಮಾಡಬಹುದು. ಮದ್ದು ಇಲ್ಲ, ಪ್ರೈಮರ್ ಇಲ್ಲ, ನಳಿಗೆ ಶುಚಿ. ಕೋವಿಯ ಹಿಡಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಾಯಿ ಮುಖದಿಂದ ಆಚೆ ಇರಲಿ. ಗುಂಡು ಕೂರಿಸಿದ ಸಾಬೊವನ್ನು ಬಾಯಿಯಿಂದ 5–6 ಇಂಚು ಇಳಿಸಿದ ಮೇಲೆ ಒಂದೇ ಸಮ ತಳ್ಳುತ್ತಾ ಯಂತ್ರದ ಅಂಕಿ ನೋಡಿ. ಅದರಿಂದ ಕೋವಿಯ ತೂಕ ಕಳೆದರೆ ತುಂಬಲು ಬೇಕಾದ ಒತ್ತಡ ಸಿಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿ ಗುಂಡನ್ನು ಹೊರತಳ್ಳಿ. ಒಮ್ಮೆ ತಳ್ಳಿದ ಸಾಬೊವನ್ನು ಮತ್ತೆ ಬಳಸಬೇಡಿ, ಅದು ಆಗಲೇ ಹಿಂಡಿಕೊಂಡಿರುತ್ತದೆ.

ಶುಚಿ ನಳಿಗೆಯಲ್ಲಿ 12ರಿಂದ 18 ಕಿಲೋ ಬಂದರೆ ನನ್ನ ಲೆಕ್ಕದಲ್ಲಿ ಒಳ್ಳೆಯ ಹದ. ಸಲಾಕೆಯ ಭಾರಕ್ಕೇ ಗುಂಡು ಜಾರುವಂತಿದ್ದರೆ ಆ ಸಾಬೊ ಆ ನಳಿಗೆಗೆ ಅಲ್ಲ. 25 ಕಿಲೋ ದಾಟಿದರೆ ಸೀಸನ್ನಿನ ಚಳಿಯಲ್ಲಿ, ಕೈಗವಸು ಹಾಕಿಕೊಂಡು ಎರಡನೇ ಈಡು ತುಂಬಲು ಆಗುವುದಿಲ್ಲ. ಪ್ಲಾಸ್ಟಿಕ್ ಚಳಿಗೆ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ. ಅಕ್ಟೋಬರ್‌ನ ಬಿಸಿಲಿನಲ್ಲಿ ಹಿತವಾಗಿ ಇಳಿದ ಸಾಬೊ ಅಯೋವಾದ ಜನವರಿಯಲ್ಲಿ ಬೇರೆಯೇ ವಸ್ತು. ಸಾಬೊಗಳನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾಡುಮಲ್ಲಿಗೆ

ಸಾಬೊಗಳ ಬಗೆ ಹೇಳುತ್ತೇನೆ. 1985ರಲ್ಲಿ ಟೋನಿ ನೈಟ್ ಎಂಕೆ-85 ಕೋವಿ ತಂದು ಇನ್‌ಲೈನ್ ಕೋವಿಗಳ ಕಾಲ ಶುರುವಾಯಿತು. ಅದೇ ದಶಕದಲ್ಲಿ ಡೆಲ್ ರ‍್ಯಾಮ್ಸೆಯವರ ಎಂಎಂಪಿ ಕಂಪನಿ ಪ್ಲಾಸ್ಟಿಕ್ ಸಾಬೊಗಳನ್ನು ತಂದಿತು. .50 ನಳಿಗೆಯಲ್ಲಿ .45 ಅಥವಾ .44 ಗುಂಡು ಹಾರಿಸುವ ಅಭ್ಯಾಸ ಅಲ್ಲಿಂದ ಬೆಳೆದದ್ದು. ಇವತ್ತು ಅಂಗಡಿಯಲ್ಲಿ ಸಿಗುವುದರಲ್ಲಿ ನಿಮಗೆ ಮುಖ್ಯವಾದವು ಇವು.

ಎಂಎಂಪಿಯ ಎಚ್‌ಪಿಎಚ್-24. ನಾಲ್ಕು ದಳ, ಮೈ ನುಣುಪು, ಬುಡ ಗಟ್ಟಿ. 0.500–0.502 ಬೋರ್‌ಗೆ .451/.452 ಗುಂಡಿನ ಜತೆ ಬಹಳ ಜನ ಮೊದಲು ನೋಡುವುದು ಇದನ್ನೇ.

ಅದೇ ಕಂಪನಿಯ ಮೂರು ದಳದ ಸಾಬೊ. ಬಿಗಿ ನಳಿಗೆಗೆ ಸುಲಭವಾಗಿ ಇಳಿಯಲೆಂದೇ ಮಾಡಿದ್ದು.

ಹಾರ್ವೆಸ್ಟರ್‌ನ ಕ್ರಶ್ ರಿಬ್. ಮೈ ಮೇಲೆ ಉದ್ದಕ್ಕೆ ಸಣ್ಣ ಏಣುಗಳಿವೆ. ನಳಿಗೆಗೆ ತಾಗುವುದು ಆ ಏಣುಗಳು ಮಾತ್ರ, ಅವು ನಲುಗಿ ಜಾಗ ಬಿಡುತ್ತವೆ. ಹಾಗಾಗಿ ಒತ್ತಡ ತೀರಾ ಕಮ್ಮಿ. 0.499–0.500ರ ಬಿಗಿ ನಳಿಗೆಗೆ ನಾನು ಮೊದಲು ಹೇಳುವ ಹೆಸರು ಇದೇ. 0.502ರ ನಳಿಗೆಗೆ ಹಾಕಿದರೆ ಏಣು ಪೂರ್ತಿ ನಲುಗದೆ ಹಿಡಿತ ಸಾಲದೆ ಹೋಗಬಹುದು.

ಬಣ್ಣ ನೋಡಿ ಕೊಳ್ಳುವುದನ್ನು ದಯವಿಟ್ಟು ಬಿಡಿ. ಒಂದು ಕಂಪನಿಯ ಕಪ್ಪು ಇನ್ನೊಂದರ ಕಪ್ಪಲ್ಲ. ಪೊಟ್ಟಣದ ಮೇಲೆ "ನಳಿಗೆ .50, ಗುಂಡು .451–.452" ಎಂಬ ಜೋಡಿ ಅಂಕಿ ಓದಿ. .429/.430 ಗುಂಡಿನ ಸಾಬೊ ಬೇರೆ. ಅದರ ಗೋಡೆ ಬದಿಗೆ 0.035 ಇಂಚು. ದಪ್ಪ ದಳ ಸಮನಾಗಿ ಬಿಚ್ಚಿಕೊಳ್ಳುವುದು ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ಆ ಕಾರಣಕ್ಕೇ .50 ಕೋವಿಗೆ .44ಕ್ಕಿಂತ .45 ಗುಂಡನ್ನೇ ಮೊದಲು ನೋಡಿ ಅನ್ನುತ್ತೇನೆ.

ಸಾಬೊಗಳನ್ನು ಚೀಲದಲ್ಲಿ ತುರುಕಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಗೆ ದಳ ಸೊಟ್ಟಗಾಗುತ್ತದೆ. ಗಟ್ಟಿ ಡಬ್ಬಿ ಇರಲಿ.

ಬೈನೆಮರ

ಗುಂಡಿನ ಕಡೆಗೆ ಬರೋಣ. ಕಾಡುಮಲ್ಲಿಗೆ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಒಂದೇ ಸಾಬೊ ಇಟ್ಟುಕೊಂಡು .452ರ ಬದಲು .451 ಗುಂಡು ಹಾಕಿದರೂ ಒಟ್ಟು ಅಗಲ ಒಂದು ಥೌ ಇಳಿಯುತ್ತದೆ. ಹಾರ್ನಡಿ ಎಕ್ಸ್‌ಟಿಪಿ, ಎಸ್‌ಎಸ್‌ಟಿ ಎರಡೂ .452. ಬಾರ್ನ್ಸ್ ಎಕ್ಸ್‌ಪ್ಯಾಂಡರ್, ಹಾರ್ವೆಸ್ಟರ್ ಸ್ಕಾರ್ಪಿಯನ್ .451. ನಳಿಗೆ ಒಂದು ಕೂದಲಿನಷ್ಟು ಬಿಗಿ ಅನಿಸಿದರೆ ಸಾಬೊ ಮುಟ್ಟದೆ ಗುಂಡು ಬದಲಿಸಿಯೂ ಹದಕ್ಕೆ ತರಬಹುದು.

ಬಾರ್ನ್ಸ್ ಸ್ಪಿಟ್‌ಫೈರ್‌ನಲ್ಲಿ ಎರಡು ಬಗೆ ಇದೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಟಿಎಂಝಡ್‌ನ ಬುಡ ದೋಣಿಯ ಹಿಂಬದಿಯಂತೆ ಕಿರಿದಾಗುತ್ತದೆ, ಅದಕ್ಕೆ ತಕ್ಕ ಬಟ್ಟಲಿರುವ ಸಾಬೊವೇ ಬೇಕು. ಟಿ-ಈಝಡ್‌ನ ಬುಡ ಚಪ್ಪಟೆ, ಬಿಗಿ ನಳಿಗೆಗಳಲ್ಲಿ ಸುಲಭವಾಗಿ ತುಂಬಲೆಂದು ಮಾಡಿದ್ದು. ಕಿರಿದಾದ ಬುಡದ ಗುಂಡನ್ನು ಚಪ್ಪಟೆ ಬಟ್ಟಲಿನ ಸಾಬೊದಲ್ಲಿ ಕೂರಿಸಿದರೆ ಬುಡದ ಸುತ್ತ ಪೊಳ್ಳು ಉಳಿಯುತ್ತದೆ. ಸಿಡಿದಾಗ ಗುಂಡು ಅದರೊಳಗೆ ಓರೆಯಾಗಿ ಕುಸಿಯುತ್ತದೆ. ಗುರಿ ಎಲ್ಲೆಲ್ಲೋ.

ಪಿಸ್ತೂಲು ಗುಂಡಿನ ವೇಗದ ಮಿತಿ ಇನ್ನೊಂದು ವಿಷಯ. ನಿಮ್ಮ 250 ಗ್ರೇನ್ .452 ಎಕ್ಸ್‌ಟಿಪಿ .45 ಕೋಲ್ಟ್ ರಿವಾಲ್ವರಿನ ವೇಗಕ್ಕೆ ಮಾಡಿದ್ದು. ನಿಮ್ಮ ಕೋವಿಯಲ್ಲಿ ಅದು ಸೆಕೆಂಡಿಗೆ ಸುಮಾರು 1,800 ಅಡಿಯಲ್ಲಿ ಹೊರಡುತ್ತದೆ. 30–40 ಗಜದಲ್ಲಿ ಜಿಂಕೆಯ ಭುಜದ ಮೂಳೆಗೆ ತಾಗಿದರೆ ಬೇಗ ಅರಳಿ ಒಳಗೆ ಸಾಕಷ್ಟು ಆಳ ಹೋಗದಿರಬಹುದು, ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತದೆ. 240 ಮತ್ತು 300 ಗ್ರೇನ್‌ನಲ್ಲಿ ಎಕ್ಸ್‌ಟಿಪಿ ಮ್ಯಾಗ್ ಅಂತ ಬರುತ್ತದೆ, ಅದರ ತಾಮ್ರದ ಕವಚ ದಪ್ಪ. ಅದನ್ನೋ ಪೂರ್ತಿ ತಾಮ್ರದ ಬಾರ್ನ್ಸ್ ಅನ್ನೋ ಆರಿಸಿ.

ಮೊನಚು ತುದಿಯ ಗುಂಡಿಗೆ ಸಲಾಕೆಯ ತುದಿಯೂ ಅದಕ್ಕೆ ತಕ್ಕ ಗುಳಿಯದ್ದೇ ಬೇಕು. ಚಪ್ಪಟೆ ತುದಿಯಿಂದ ಒತ್ತಿದರೆ ಪ್ಲಾಸ್ಟಿಕ್ ಮೂತಿ ಒಂದೊಂದು ಗುಂಡಿನಲ್ಲಿ ಒಂದೊಂದು ಬಗೆ ನುಗ್ಗಾಗುತ್ತದೆ.

ಪವರ್‌ಬೆಲ್ಟ್ ಸಾಬೊ ಅಲ್ಲ. ಅದು ನಳಿಗೆಯಷ್ಟೇ ಅಗಲದ ಗುಂಡು, ಬುಡಕ್ಕೆ ಪ್ಲಾಸ್ಟಿಕ್ ಬಿಲ್ಲೆ ಅಂಟಿಕೊಂಡಿರುತ್ತದೆ. ಅದರ ಲೆಕ್ಕವೇ ಬೇರೆ.

ಹಳೆಕೋವಿ

ಒಂದು ಪ್ರಶ್ನೆ. ತೀರ್ಥಹಳ್ಳಿ ಕಡೆ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಹಳೇ ಕೇಪಿನ ಕೋವಿಗಳು ಇವೆ, ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ (ಬಾಯಿಯಿಂದ ತುಂಬುವ ಒಂಟಿ ನಳಿಗೆಯ ಕೋವಿ) ಅಂತ ಬರೆದಿರುತ್ತದೆ. ಅದಕ್ಕೂ ಸಾಬೊ ಹಾಕಬಹುದೇ?

ತುಂಗಾತೀರ

ಬೇಡ ಅಣ್ಣ. ಆ ಕೋವಿಗಳ ನಳಿಗೆಯಲ್ಲಿ ರೈಫ್ಲಿಂಗ್ ಇಲ್ಲ, ಒಳಗೆ ನುಣುಪು. ತಿರುಗಿಸುವ ಗೆರೆಯೇ ಇಲ್ಲದ ಮೇಲೆ ಸಾಬೊದಿಂದ ಹೊರಟ ಉದ್ದನೆ ಗುಂಡು ಗಾಳಿಯಲ್ಲಿ ಅಡ್ಡಾದಿಡ್ಡಿ ಉರುಳುತ್ತದೆ. ಅದಕ್ಕಿಂತ ದೊಡ್ಡ ವಿಷಯ ನಳಿಗೆಯ ಬಲ. ಸ್ಥಳೀಯವಾಗಿ ಮಾಡಿದ ಹಳೇ ನಳಿಗೆ ಇನ್‌ಲೈನ್ ಕೋವಿಯ ಒತ್ತಡಕ್ಕೆ ಮಾಡಿದ್ದಲ್ಲ. ಬಿಗಿ ಸಾಬೊ, ಭಾರದ ಗುಂಡು, ಹೊಸ ಮದ್ದು ಒಟ್ಟಾದರೆ ಸಿಡಿಯಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ನಿಷಿದ್ಧ ಅನ್ನುವುದೂ ಇದೆ. ಇಲ್ಲಿ ಮಾತಾಡುತ್ತಿರುವುದು ಅಮೆರಿಕದ ರೈಫಲ್‌ಗಳ ಬಗ್ಗೆ ಮಾತ್ರ.

ಅಮೆರಿಕದಲ್ಲೂ ಎಲ್ಲ ಮಝಲ್‌ಲೋಡರ್‌ಗೂ ಸಾಬೊ ಹೊಂದುವುದಿಲ್ಲ. ತಿರುವು 1:66 ಇದ್ದರೆ ಅದು ಬಟ್ಟೆ ಸುತ್ತಿದ ದುಂಡು ಗುಂಡಿನ ನಳಿಗೆ: 0.490 ಗುಂಡು, 0.015 ದಪ್ಪದ ಹತ್ತಿ ಬಟ್ಟೆ. 1:48 ನಡುವಿನದು. ಸಾಬೊಗೆ 1:28 ಆಸುಪಾಸು ಬೇಕು.

ಕಾಡುಮಲ್ಲಿಗೆ

ಮೂಲ ಪ್ರಶ್ನೆಯಲ್ಲಿ "ಮೂರನೆಯದಕ್ಕೆ ಸಲಾಕೆ ಬಾಗುವಷ್ಟು" ಎಂದಿದ್ದಾರೆ. ಅರ್ಧ ಉತ್ತರ ಅಲ್ಲೇ ಇದೆ. ಟ್ರಿಪಲ್ ಸೆವೆನ್ ಸುಟ್ಟಾಗ ಮದ್ದು ಕೂತ ಜಾಗದ ಮುಂದೆ, ಸರಿಯಾಗಿ ಸಾಬೊ ಬಂದು ನಿಲ್ಲುವಲ್ಲಿ, ಗಟ್ಟಿ ಕಿಟ್ಟದ ಉಂಗುರ ಕಟ್ಟುತ್ತದೆ. ಎರಡನೇ ಈಡಿನ ಸಾಬೊ ಆ ಉಂಗುರದ ಮೇಲೆ ತಡೆದು ನಿಂತರೆ ಕೆಳಗೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಒಂದೊಂದು ಈಡಿಗೂ ನಡುವೆ ಒರೆಸಲೇಬೇಕು: ಒಂದು ತೇವದ ಬಟ್ಟೆ, ಎರಡೂ ಬದಿ ಬಳಸಿ, ಆಮೇಲೆ ಒಂದು ಒಣ ಬಟ್ಟೆ. ಬಟ್ಟೆ ಒದ್ದೆ ಮುದ್ದೆಯಾಗಿರಬಾರದು, ನೀರು ಪ್ಲಗ್‌ನ ರಂಧ್ರಕ್ಕೆ ಇಳಿದರೆ ಮುಂದಿನ ಈಡು ಹತ್ತುವುದಿಲ್ಲ. ಉಂಗುರ ಇರುವ ಕಡೆ ಸಲಾಕೆಯನ್ನು ಗಿಡ್ಡಗೆ ನಾಲ್ಕೈದು ಸಲ ಆಡಿಸಿ. ಪ್ರತಿ ಈಡಿಗೂ ಅದೇ ಕ್ರಮ, ಅದೇ ಸಂಖ್ಯೆ.

ಬ್ಲ್ಯಾಕ್‌ಹಾರ್ನ್ 209 ಎಂಬ ಮದ್ದು ಬಳಸಿದರೆ ಕಿಟ್ಟ ಬಹಳ ಕಡಿಮೆ, ಒರೆಸದೆ ಹಲವು ಈಡು ಹೊಡೆಯಬಹುದು. ಆದರೆ ಅದು ಬಿಗಿ ಬಯಸುವ ಮದ್ದು. ಸಾಬೊ ಸಡಿಲವಿದ್ದರೆ ಒತ್ತಡ ಏರದೆ ತಡವಾಗಿ ಹತ್ತುತ್ತದೆ, ಕುದುರೆ ಎಳೆದ ಮೇಲೆ "ಟಕ್" ಅಂದು ಕ್ಷಣ ಬಿಟ್ಟು "ಢಂ" ಅನ್ನುತ್ತದೆ. ಅಷ್ಟರಲ್ಲಿ ಗುರಿ ಕದಲಿರುತ್ತದೆ. ಅದಕ್ಕೆ ಹೊಂದುವ ಬ್ರೀಚ್ ಪ್ಲಗ್ ನಿಮ್ಮ ಕೋವಿಯಲ್ಲಿದೆಯೇ ನೋಡಿಕೊಳ್ಳಿ. ಅಳತೆ ಪಾತ್ರೆಯ 100 ಗ್ರೇನ್ ಬ್ಲ್ಯಾಕ್‌ಹಾರ್ನ್ ತಕ್ಕಡಿಯಲ್ಲಿ ಸುಮಾರು 70 ಗ್ರೇನ್. ಪಾತ್ರೆಯ ಅಂಕಿಯನ್ನು ತಕ್ಕಡಿಯ ಅಂಕಿ ಅಂದುಕೊಂಡು ತೂಗಿ ಹಾಕಿದರೆ ಮದ್ದು ಅಪಾಯಕರವಾಗಿ ಹೆಚ್ಚುತ್ತದೆ. ಗರಿಷ್ಠ ಮಿತಿ ನಿಮ್ಮ ಕೋವಿಯ ಕೈಪಿಡಿಯಲ್ಲಿ ಇರುವುದೇ ಅಂತಿಮ. ಕಾರ್ಟ್ರಿಜ್ ತುಂಬುವ ಹೊಗೆರಹಿತ ಮದ್ದನ್ನು, ಅದಕ್ಕೆಂದೇ ಮಾಡಿದ ಕೋವಿ ಬಿಟ್ಟು, ಎಂದೂ ಹಾಕಬೇಡಿ.

ಬಿಸಿ ನಳಿಗೆಯೂ ಶತ್ರು. ಕೈ ಇಟ್ಟರೆ ಸುಡುವ ನಳಿಗೆಯಲ್ಲಿ ಸಾಬೊ ಮೆತ್ತಗಾಗಿ ಸಿಡಿತದಲ್ಲಿ ಕರಗುತ್ತದೆ, ಪ್ಲಾಸ್ಟಿಕ್ ಲ್ಯಾಂಡ್‌ಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಈಡುಗಳ ನಡುವೆ ಹತ್ತು ನಿಮಿಷ ಬಿಡಿ.

ಸಣ್ಣಅಳತೆ

ಎಲ್ಲಕ್ಕಿಂತ ಅಗ್ಗದ ಸಾಧನ ನೆಲದ ಮೇಲೆ ಬಿದ್ದಿರುತ್ತದೆ: ಹಾರಿದ ಸಾಬೊ. ರೇಂಜ್‌ನಲ್ಲಿ ಎಲ್ಲರೂ ಹೊಡೆಯುವುದು ನಿಲ್ಲಿಸಿದ ಮೇಲೆ, ಎಲ್ಲರಿಗೂ ಹೇಳಿ, ಕೋವಿಯ ಮುಂದೆ 10ರಿಂದ 30 ಗಜದೊಳಗೆ ಹುಡುಕಿ. ಯಾವ ಈಡಿನದು ಯಾವುದು ಅಂತ ಗೊತ್ತಾಗುವಂತೆ ಒಂದೊಂದನ್ನೂ ತುಂಬುವ ಮೊದಲೇ ಬುಡದಲ್ಲಿ ಪೆನ್ನಿನಿಂದ ಚುಕ್ಕೆ ಹಾಕಿದರೆ ಉಪಯೋಗ, ಸುಡದೆ ಉಳಿದ ಭಾಗದಲ್ಲಿ ಗುರುತು ಸಿಗುತ್ತದೆ. ದಳದ ಒಳಬದಿಗೂ ಒಂದು ಚುಕ್ಕೆ ಹಾಕಿ.

ಒಳ್ಳೆಯ ಸಾಬೊ ದಾಸವಾಳದಂತೆ ಎಲ್ಲ ದಳವನ್ನೂ ಸಮನಾಗಿ ಹಿಂದಕ್ಕೆ ಮಡಚಿರುತ್ತದೆ. ಮೈ ಮೇಲೆ ರೈಫ್ಲಿಂಗ್‌ನ ಗೆರೆ ಸುತ್ತಲೂ ಒಂದೇ ಆಳದಲ್ಲಿ ಒತ್ತಿರುತ್ತದೆ. ಬುಡದ ಬಟ್ಟಲಿನ ಅಂಚು ಮುರಿಯದೆ ದುಂಡಗಿರುತ್ತದೆ.

ಬುಡದ ಅಂಚಿನಿಂದ ಮೇಲಕ್ಕೆ ಕಪ್ಪು ನಾಲಗೆಯಂತೆ ಸುಟ್ಟ ಗೆರೆ ಏರಿದ್ದರೆ ಅನಿಲ ಸೋರಿದೆ. ನಳಿಗೆಗೆ ಸಾಬೊ ಸಡಿಲ, ಇಲ್ಲವೇ ತುಂಬುವಾಗ ಅಂಚು ಕೆತ್ತಿಹೋಗಿದೆ. ಯಾವುದು ಅನ್ನುವುದು ರೈಫ್ಲಿಂಗ್ ಗೆರೆಯ ಆಳದಿಂದ ಗೊತ್ತಾಗುತ್ತದೆ. ಗೆರೆ ಮಸುಕಾಗಿದ್ದರೆ ಸಡಿಲ. ಗೆರೆ ಆಳವಾಗಿದ್ದೂ ಸುಟ್ಟಿದ್ದರೆ ಕೆತ್ತಿದ್ದು.

ಬುಡದ ನಡುವೆ ತೂತು ಬಿದ್ದಿದ್ದರೆ ಮದ್ದು ಆ ಸಾಬೊಗೆ ಹೆಚ್ಚಾಗಿದೆ. ಅಳತೆ ಪಾತ್ರೆಯಲ್ಲಿ 10 ಗ್ರೇನ್ ಇಳಿಸಿ.

ಪ್ರತಿ ಸಲ ಒಂದೇ ದಳ ಹರಿದಿದ್ದರೆ ನಳಿಗೆಯ ಬಾಯಿಯಲ್ಲಿ ಮುಳ್ಳು ಇರಬಹುದು. ಹತ್ತಿಯ ಉಂಡೆಯನ್ನು ಬಾಯಿಯ ಅಂಚಿನ ಸುತ್ತ ಒಳಗಿಂದ ಹೊರಕ್ಕೆ ಎಳೆಯಿರಿ, ಎಳೆ ಸಿಕ್ಕಿಕೊಂಡರೆ ಮುಳ್ಳು ಅಲ್ಲೇ. ಅದನ್ನು ತೆಗೆಯುವುದು ಕೋವಿ ರಿಪೇರಿಯವರ ಕೆಲಸ, ಮನೆಯ ಅರದಿಂದಲ್ಲ.

ದಳಗಳು ಬಿಚ್ಚದೆ ಮೊಗ್ಗಿನಂತೆಯೇ ಸಿಕ್ಕಿದರೆ ಗುಂಡು ತಡವಾಗಿ ಬಿಡುಗಡೆಯಾಗಿದೆ. ಚಳಿಯ ದಿನ ಕಡಿಮೆ ಮದ್ದು, ದಪ್ಪ ದಳ ಒಟ್ಟಾದಾಗ ಇದು ಕಾಣುತ್ತದೆ. ಕಾಗದದ ಮೇಲೆ ತೂತು ದುಂಡಗಿರದೆ ಉದ್ದವಾಗಿದ್ದರೆ ಗುಂಡು ಅಡ್ಡ ತಿರುಗಿ ಬಂದು ಬಡಿದಿದೆ ಅನ್ನುವುದಕ್ಕೆ ಸಾಕ್ಷಿ.

ಬೈನೆಮರ

ಖಾಲಿ ಜಾಗದ ವಿಷಯ ಮೇಡಂ ಹೇಳಿದರು, ಅದನ್ನು ಒತ್ತಿ ಹೇಳಬೇಕು. ಗುಂಡು ಮದ್ದಿಗೆ ತಾಗಿ ಕೂರದಿದ್ದರೆ ನಡುವಿನ ಗುಂಡೇ ನಳಿಗೆಗೆ ಅಡ್ಡ ಬಿದ್ದ ಬೆಣೆ ಆಗುತ್ತದೆ. ನಳಿಗೆ ಉಂಗುರದಂತೆ ಉಬ್ಬಬಹುದು, ಒಡೆಯಲೂಬಹುದು. ಸಡಿಲ ಸಾಬೊದಲ್ಲೂ ಇದೇ ಅಪಾಯ: ಕೋವಿಯ ಬಾಯಿ ಕೆಳಗೆ ಮಾಡಿ ಅರ್ಧ ದಿನ ಕಾಡು ಸುತ್ತಿದರೆ ಗುಂಡು ಮೆಲ್ಲಗೆ ಮುಂದೆ ಜಾರುತ್ತದೆ.

ಇದಕ್ಕೆ ಸಲಾಕೆಯ ಮೇಲೆ ಎರಡು ಗೆರೆ ಸಾಕು. ಖಾಲಿ ನಳಿಗೆಯಲ್ಲಿ ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಒಂದು ಗೆರೆ. ಶುಚಿ ನಳಿಗೆಯಲ್ಲಿ ಸರಿಯಾಗಿ ಈಡು ತುಂಬಿದಾಗ ಇನ್ನೊಂದು. ಪ್ರತಿ ಈಡಿಗೂ ಎರಡನೇ ಗೆರೆ ಬಾಯಿಯ ಮಟ್ಟಕ್ಕೆ ಬಂತೇ ನೋಡಿ, ಆಮೇಲೆ ಮಾತ್ರ ಪ್ರೈಮರ್. ಗೆರೆ ಕಾಲಿಂಚು ಮೇಲೆ ನಿಂತರೂ ಹೊಡೆಯಬೇಡಿ. ಪ್ರೈಮರ್ ಹಾಕದೆ, ಕೈಪಿಡಿಯಲ್ಲಿ ಹೇಳಿರುವ ಕ್ರಮದಲ್ಲಿ ಪ್ಲಗ್ ಬಿಚ್ಚಿ, ಮದ್ದು ಸುರಿದು, ಗುಂಡನ್ನು ತಳ್ಳಿ ಹೊರತೆಗೆಯಿರಿ. ಕಾಡಿನಲ್ಲಿ ಎರಡು ಗಂಟೆಗೊಮ್ಮೆ, ಪ್ರೈಮರ್ ತೆಗೆದಿಟ್ಟು, ಸಲಾಕೆ ಇಳಿಸಿ ಗೆರೆ ನೋಡುವುದು ಒಳ್ಳೆಯದು.

ತಳ್ಳುವಾಗ ಸಲಾಕೆಯನ್ನು ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು ಗಿಡ್ಡ ಗಿಡ್ಡಗೆ ಒತ್ತಿ. ತುದಿ ಹಿಡಿದು ಪೂರ್ತಿ ಭಾರ ಹಾಕಿದರೆ ಮರದ ಸಲಾಕೆ ಸೀಳಿ ಅಂಗೈಗೆ ಹೊಕ್ಕುತ್ತದೆ. ಗುಂಡು ತಳ ಮುಟ್ಟಿದ ಮೇಲೆ ಸಲಾಕೆಯನ್ನು ಎತ್ತೆತ್ತಿ ಕುಟ್ಟಬೇಡಿ. ಮೂತಿ ಜಜ್ಜುತ್ತದೆ, ಪೆಲೆಟ್ ಪುಡಿಯಾಗುತ್ತದೆ. ಒಂದೇ ಸಲ ಗಟ್ಟಿಯಾಗಿ ಅದುಮಿ ಬಿಡಿ.

ಸಾಬೊಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಕಪಾಟಿನಿಂದ ತೆಗೆದ ಕೋವಿಯ ನಳಿಗೆಯಲ್ಲಿನ ಎಣ್ಣೆಯನ್ನೂ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ ಒಣಗಿಸಿ. ಎಣ್ಣೆಯ ಪಸೆಯಲ್ಲಿ ಮೊದಲ ಗುಂಡು ಬೇರೆ ಕಡೆ ಬೀಳುತ್ತದೆ.

ಕಾಡುಮಲ್ಲಿಗೆ

ಕೊಳ್ಳುವ ಮುಂಚೆ ನಿಮ್ಮ ರಾಜ್ಯದ ನಿಯಮ ಓದಿ. ಕೊಲೊರಾಡೊದ ಮಝಲ್‌ಲೋಡರ್ ಸೀಸನ್ನಿನಲ್ಲಿ ಸಾಬೊ ನಿಷಿದ್ಧ, ಪೆಲೆಟ್ ಮದ್ದೂ ನಿಷಿದ್ಧ. ಐಡಾಹೋದ ಮಝಲ್‌ಲೋಡರ್ ಬೇಟೆಗಳಲ್ಲೂ ಸಾಬೊ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ಅಲ್ಲಿಗೆ ಸಾಬೊದಲ್ಲಿ ತಾಮ್ರದ ಗುಂಡು ಒಳ್ಳೆಯ ದಾರಿ. ನಿಯಮ ವರ್ಷ ವರ್ಷ ತಿದ್ದುಪಡಿಯಾಗುತ್ತದೆ, ಆ ವರ್ಷದ ಪುಸ್ತಿಕೆಯನ್ನೇ ನೋಡಿ.

ಓಝಾರ್ಕ್_ಕನ್ನಡಿಗ

ಅಳತೆ ಸಿಕ್ಕಿತು. ಮೂರು ಸೀಸದ ತುಂಡಿನಲ್ಲೂ ಬೋರ್ 0.4993, ಗ್ರೂವ್ 0.509. ಬಾಯಿಂದ ಹಿಂದಿನವರೆಗೆ ಒಂದೇ ಬಿಗಿ. ಹಳೆ ಸಾಬೊಗೆ ಶುಚಿ ನಳಿಗೆಯಲ್ಲಿ 29 ಕಿಲೋ ಬೇಕಾಯಿತು. ಕ್ರಶ್ ರಿಬ್‌ನಲ್ಲಿ .451ರ 300 ಗ್ರೇನ್ ಸ್ಕಾರ್ಪಿಯನ್ ಇಟ್ಟಾಗ 15 ಕಿಲೋ. ಅದೇ ಎರಡು ಪೆಲೆಟ್, ಈಡಿಗೊಮ್ಮೆ ಒರೆಸಿ, ಹತ್ತು ನಿಮಿಷ ಬಿಟ್ಟು ಹೊಡೆದಾಗ 100 ಗಜದಲ್ಲಿ ನಾಲ್ಕು ಗುಂಡು 2 ಇಂಚಿನೊಳಗೆ, ಒಂದು ಮಾತ್ರ ಮೂರು ಇಂಚು ಎಡಕ್ಕೆ. ಐದು ಸಾಬೊ ಸಿಕ್ಕಿವೆ. ನಾಲ್ಕು ಚೆನ್ನಾಗಿವೆ. ಎಡಕ್ಕೆ ಹೋದ ಈಡಿನದರಲ್ಲಿ ಗೆರೆ ಆಳವಾಗಿಯೇ ಇದೆ, ಆದರೆ ಬುಡದ ಅಂಚಿನಿಂದ ಒಂದು ಕಡೆ ಕಪ್ಪು ನಾಲಗೆ ಏರಿದೆ. ಅದು ನಾಲ್ಕನೇ ಈಡು.

ಸಣ್ಣಅಳತೆ

ಗೆರೆ ಆಳ, ಒಂದೇ ಕಡೆ ಸುಟ್ಟಿದೆ. ಹಾಗಾದರೆ ಸಾಬೊ ಸಡಿಲವಲ್ಲ, ತುಂಬುವಾಗ ಬಾಯಿಯಲ್ಲಿ ಓರೆಯಾಗಿ ಶುರುವಾಗಿ ಅಂಚು ಕೆತ್ತಿದೆ. ಸಾಬೊದೊಳಗೆ ಗುಂಡು ತಳದವರೆಗೆ ಕೂತಿತ್ತೇ ನೋಡಿ. ಅರೆಬರೆ ಕೂತಿದ್ದರೆ ಮೊದಲ ಒತ್ತಿಗೆ ಓರೆಯಾಗುತ್ತದೆ. ಸಾಬೊವನ್ನು ಮೇಜಿನ ಮೇಲೆ ನಿಲ್ಲಿಸಿ ಗುಂಡನ್ನು ಮೇಲಿಂದ ಅದುಮಿದರೆ ನೇರ ಕೂರುತ್ತದೆ. ಆಮೇಲೆ ಬಾಯಿಗೆ ಇಟ್ಟು, ಗಿಡ್ಡ ಸ್ಟಾರ್ಟರ್‌ನ (ಗುಂಡನ್ನು ಬಾಯಿಯೊಳಗೆ ಇಳಿಸುವ ಗಿಡ್ಡ ಸಲಾಕೆ) ಗುಬ್ಬಿಗೆ ಅಂಗೈಯಿಂದ ಒಂದೇ ನೇರ ಏಟು.

ನಾಲ್ಕನೇ ಈಡು ಅಂದಿದ್ದೀರಿ. ಅದಕ್ಕೂ ಮೊದಲು ಬಾಯಿಯ ಒಳ ಅಂಚನ್ನೂ ಒರೆಸಿದ್ದಿರಾ? ಒಣ ಬಟ್ಟೆ ಹೊರಬರುವಾಗ ಕಿಟ್ಟವನ್ನು ಅಲ್ಲೇ ಬಿಟ್ಟುಬರುತ್ತದೆ. ಬೆರಳಿಗೆ ಬಟ್ಟೆ ಸುತ್ತಿ ಬಾಯಿಯ ಒಳಗೆ ಒಂದು ಸುತ್ತು ತಿರುಗಿಸಿ, ಇದೇ ಸಾಬೊ, ಇದೇ ಗುಂಡಿನಲ್ಲಿ ಇನ್ನು ಹತ್ತು ಹೊಡೆಯಿರಿ. ಹತ್ತರ ಕಾಗದ, ಹತ್ತೂ ಸಾಬೊಗಳ ಬುಡ, ಎರಡರ ಚಿತ್ರವನ್ನೂ ಇಲ್ಲಿ ಹಾಕಿ. ಮದ್ದಿನ ಅಳತೆ ಅಲ್ಲಿಯವರೆಗೆ ಮುಟ್ಟಬೇಡಿ.